ನಾರಾ ಕಾಣುವ ತನಕ ಕಾಫಿ ಇಲ್ಲ

ದೂರಪ್ರಯಾಣ ಮುಗಿಸಿ ಬಂದವರ ಆಯಾಸಕ್ಕೆ ಒಂದು ಮರ್ಯಾದೆ ಉಂಟು. ಅವರಿಗಾಗಿ ಬಿಸಿನೀರು ಕಾಯುತ್ತದೆ. ನೆರೆಯವರು ಸುತ್ತ ಕುಳಿತು, ಕಂಡದ್ದನ್ನು ಹೇಳಿ ಎಂದು ಕೇಳುತ್ತಾರೆ. ಎಲ್ಲಿಗೂ ಹೋಗದೆ, ಹೋಗುವ ಏರ್ಪಾಟಿನಲ್ಲಿಯೇ ಬಸವಳಿದವನನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ನಾನು ಅಂಥವನು. ಮೂರು ವರ್ಷಗಳಿಂದ ಜಪಾನಿಗೆ ಹೊರಟಿದ್ದೇನೆ. ಈ ಮೂರು ವರ್ಷಗಳಲ್ಲಿ ಪೂರ್ವ ದಿಕ್ಕಿನಲ್ಲಿ ನಾನು ಕ್ರಮಿಸಿದ ಅತಿ ದೂರವೆಂದರೆ ಬೆಳ್ತಂಗಡಿ. ಆದರೂ ಸಂಜೆ ಜಗಲಿಯಲ್ಲಿ ಕುಳಿತರೆ ಏಳು ಸಮುದ್ರ ದಾಟಿ ಬಂದವನಂತೆ ಮೊಣಕಾಲು ನೋಯುತ್ತದೆ.

ಮೂಡುಬಿದಿರೆಯ ಶಾಲೆಯಲ್ಲಿ ಬಹುಕಾಲ ಸಂಸ್ಕೃತ ಕಲಿಸಿ ನಾನು ನಿವೃತ್ತನಾದ ವರ್ಷ, ಜಪಾನಿನ ವೃದ್ಧ ವಿದ್ವಾಂಸರೊಬ್ಬರು ನಮ್ಮ ಬಸದಿಗಳ ಇಳಿಮಾಡನ್ನೂ ಮರದ ಕೆತ್ತನೆಯನ್ನೂ ನೋಡಲು ಬಂದಿದ್ದರು. ಅವರಿಗೆ ಕನ್ನಡ ಬಾರದು, ನನಗೆ ಜಪಾನಿ ಬಾರದು. ಇಬ್ಬರಿಗೂ ಸಂಸ್ಕೃತ ಬರುತ್ತಿತ್ತು. ಆದರೆ ಅವರ ಉಚ್ಚಾರ ನನಗೆ ತಿಳಿಯದು, ನನ್ನದು ಅವರಿಗೆ ತಿಳಿಯದು. ಕೊನೆಗೆ ಹಳೆಯ ಪಂಚಾಂಗದ ಖಾಲಿ ಬದಿಗಳಲ್ಲಿ ಬರೆದು ಬರೆದು ಸಂಭಾಷಿಸಿದೆವು. ಎದುರೆದುರು ಕುಳಿತು ಒಬ್ಬರಿಗೊಬ್ಬರು ಕಾಗದ ಬರೆಯುವ ಇಬ್ಬರು ಮುದುಕರನ್ನು ನೋಡಿ ನನ್ನ ಹೆಂಡತಿ ವಿಜಯಮ್ಮ, "ಇಬ್ಬರಿಗೂ ಜಗಳವಾಗಿದೆಯೇ?" ಎಂದು ಕೇಳಿದ್ದಳು. ನಾಲ್ಕನೆಯ ದಿನ ಅವರು ಬಸದಿಯ ಕಂಬವೊಂದನ್ನು ನೇವರಿಸಿ, ತಮ್ಮ ನಾರಾ ನಗರದಲ್ಲಿಯೂ ಇಂಥದೇ ಮರದ ಮಹಾಮಂದಿರಗಳಿವೆಯೆಂದೂ, ಅಲ್ಲಿಂದ ಕ್ಯೋಟೋ ಹತ್ತಿರವೆಂದೂ, ನಾನು ಬಂದು ನೋಡಲೇಬೇಕೆಂದೂ ಬರೆದರು. ಬೇಸಗೆಯಲ್ಲಿ ಬಂದರೆ ಖರ್ಚು ಅತ್ಯಲ್ಪ, ಮಂದಿರದ ಅತಿಥಿಗೃಹದಲ್ಲಿಯೇ ವಾಸ, ಶಾಕಾಹಾರ, ಸಂಜೆಯ ಊಟ ಐದು ಗಂಟೆಗೆ.

ಸಂಜೆಯ ಊಟ ಐದು ಗಂಟೆಗೆ! ಸೂರ್ಯ ಮುಳುಗಿದ ಮೇಲೆ ತುತ್ತೆತ್ತದ ನಮ್ಮಂಥ ಜೈನರಿಗೆ ಇದಕ್ಕಿಂತ ದೊಡ್ಡ ಆಹ್ವಾನ ಇನ್ನೇನಿದೆ? ಆ ಸಾಲನ್ನು ಎರಡು ಸಲ ಓದಿದೆ. ಹೋಗುವುದೆಂದು ಆ ಕ್ಷಣದಲ್ಲಿಯೇ ನಿಶ್ಚಯಿಸಿದೆ.

ನಿಶ್ಚಯ ಸುಲಭ, ಮಿತವ್ಯಯ ಕಷ್ಟ. ಮನೆಯ ಯಾವ ಖರ್ಚನ್ನು ಕಡಿಮೆ ಮಾಡಬಹುದೆಂದು ವಿಜಯಮ್ಮನಲ್ಲಿ ಗಂಭೀರವಾಗಿ ಸಮಾಲೋಚಿಸಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತಲಿಲ್ಲ.

"ನಿಮ್ಮ ಕಾಫಿ ಬಿಡಿ. ದಿನಕ್ಕೆ ಐದು ಲೋಟ. ಅದನ್ನು ಬಿಟ್ಟರೆ ಜಪಾನಿಗೆ ಹೋಗಿ ಅಲ್ಲಿಂದ ಮುಂದೆಯೂ ಹೋಗಬಹುದು."

"ಬಿಡುತ್ತೇನೆ," ಎಂದೆ.

"ಬಿಟ್ಟ ಹಾಗೆಯೇ. ಹೋದ ವರ್ಷವೂ ಬಿಟ್ಟಿದ್ದಿರಿ, ಮಧ್ಯಾಹ್ನದವರೆಗೆ."

ಮಾತು ನಾಟಿತು. ಮಹಾವೀರ ಜಯಂತಿಯ ಬೆಳಗ್ಗೆ ಬಸದಿಯಲ್ಲಿ ಅಭಿಷೇಕ ಮುಗಿದ ಮೇಲೆ, ಹತ್ತು ಜನರ ಸಮಕ್ಷಮದಲ್ಲಿ ಸ್ವಾಮಿಯ ಮುಂದೆ ನಿಂತು ನಿಯಮ ಕೈಗೊಂಡೆ. ನಮ್ಮಲ್ಲಿ ನಿಯಮವೆಂದರೆ ಆಡಿ ಮರೆಯುವ ಮಾತಲ್ಲ. ಕೆಲವರು ಒಂದು ಹಣ್ಣು ಬಿಡುತ್ತಾರೆ, ಕೆಲವರು ಒಂದು ತರಕಾರಿ. ಅವಧಿ ತೀರುವ ತನಕ ಜೀವ ಹೋದರೂ ಮುಟ್ಟುವುದಿಲ್ಲ. ಜಾಣರಾದವರು "ಒಂದು ತಿಂಗಳು" ಎಂದು ಅವಧಿ ಹೇಳುತ್ತಾರೆ. ನಾನು ಪಂಡಿತ. ಸಡಿಲವಾದ ಮಾತು ನನ್ನ ಬಾಯಿಂದ ಹೊರಡಬಾರದು. "ನಾರಾ ನಗರಕ್ಕೆ ಸ್ವತಃ ಹೋಗಿ, ಅಲ್ಲಿನ ಪುರಾತನ ಮಂದಿರವನ್ನು ಈ ಕಣ್ಣುಗಳಿಂದ ನೇರವಾಗಿ ದರ್ಶಿಸುವ ಪರ್ಯಂತ ಕಾಫಿಯನ್ನು ಸೇವಿಸೆನು" ಎಂದು ಒಂದು ಸಂದು ಬಿಡದೆ ಸಂಕಲ್ಪವನ್ನು ಬಿಗಿದೆ. ಬರುವ ಬೇಸಗೆಗೆ ಹೇಗೂ ಹೋಗುವವನು; ಒಂದು ವರ್ಷದ ಮಾತು. ಸೇರಿದವರು ತಲೆದೂಗಿದರು. ಆ ತಲೆದೂಗುವಿಕೆಯ ಸುಖ ಮರುದಿನ ಬೆಳಗಿನ ಆರು ಗಂಟೆಯವರೆಗೆ ಇತ್ತು. ಆಮೇಲೆ ತಲೆನೋವು ಬಂತು.

ಹಡಗಿನ ವಿಚಾರ ತಿಳಿಯಲು ಬಂಟ್ವಾಳದ ಬಸ್ಸು ಹಿಡಿದು ಪಾಣೆಮಂಗಳೂರಿಗೆ ಹೋದೆ. ಅಲ್ಲಿನ ಜೀನಸಿನ ವ್ಯಾಪಾರಿ ಪೈಗಳು ಪ್ರಾಯದಲ್ಲಿ ಒಮ್ಮೆ ಕೊಲಂಬೋಗೆ ಹೋಗಿ ಬಂದವರು. ಆದ್ದರಿಂದ ಸಮಸ್ತ ಸಾಗರಗಳ ವಿಷಯದಲ್ಲಿಯೂ ಅಧಿಕಾರವಾಣಿ ಅವರದು. ಕೂಡಲೇ ಎದುರಿನ ಹೋಟೆಲಿಗೆ ಕೂಗಿ ಎರಡು ಕಾಫಿ ಹೇಳಿದರು. ನಾನು ನಿಯಮವನ್ನು ವಿವರಿಸಿದೆ. ಪೈಗಳು ಎರಡನ್ನೂ ತಾವೇ ಕುಡಿಯುತ್ತ ನನ್ನನ್ನು ಕನಿಕರದಿಂದ ನೋಡಿದರು.

"ಡೆಕ್ಕಿನಲ್ಲಿ ಚಾಪೆ ಹಾಸಿಕೊಂಡು ಹೋಗಿ ಪಂಡಿತರೇ, ಅಗ್ಗ ಆಗ್ತದೆ. ಅವಲಕ್ಕಿ, ಬೆಲ್ಲ, ಉಪ್ಪಿನಕಾಯಿ ಕಟ್ಟಿಕೊಳ್ಳಿ. ಬೇರೆ ಎಂತ ಬೇಕು?"

"ನೀರು ಸೋಸುವ ಬಟ್ಟೆ ಬೇಕು. ಸೋಸದ ನೀರು ನಾವು ಕುಡಿಯುವುದಿಲ್ಲ."

"ನಾಲ್ಕು ಬಟ್ಟೆ ತೆಗೆದುಕೊಳ್ಳಿ. ಸಮುದ್ರದಲ್ಲಿ ನೀರಿಗೇನು ಕಡಿಮೆಯೇ?" ಎಂದು ತಮ್ಮ ಮಾತಿಗೆ ತಾವೇ ನಕ್ಕು ಎರಡನೆಯ ಲೋಟವನ್ನು ಬರಿದು ಮಾಡಿದರು.

ಪಾಸ್‌ಪೋರ್ಟಿನ ಅರ್ಜಿಗಾಗಿ ಬೆಳ್ತಂಗಡಿಗೆ ಹೋಗಬೇಕಾಯಿತು. ವಿಜಯಮ್ಮನ ತಮ್ಮ ಆದಿರಾಜ ಅಲ್ಲಿ ಕಚೇರಿಯೊಂದರಲ್ಲಿ ಗುಮಾಸ್ತ. ಯಾವ ಅರ್ಜಿಯನ್ನಾದರೂ ಎರಡು ಸಲ ಬರೆಯದೆ ಅವನಿಗೆ ಸಮಾಧಾನವಿಲ್ಲ. ಪ್ರಯಾಣದ ಉದ್ದೇಶವೆಂಬ ಕಡೆಯಲ್ಲಿ ನಾನು "ದರ್ಶನ" ಎಂದು ಬರೆದಿದ್ದೆ.

"ಇದು ಆಗಲಿಕ್ಕಿಲ್ಲ ಭಾವ," ಎಂದ. "ವ್ಯಾಪಾರವೋ, ವಿದ್ಯಾಭ್ಯಾಸವೋ, ಚಿಕಿತ್ಸೆಯೋ ಹೇಳಬೇಕು."

"ಮೂರೂ ಅಲ್ಲವಲ್ಲ ಮಾರಾಯ."

"ಕಾಫಿ ಕುಡಿಯುವುದಕ್ಕೆ ಅಂತ ಬರೆಯುವನಾ? ನಿಜವಾದರೂ ಆಗ್ತದೆ."

ಅಕ್ಕನ ಬುದ್ಧಿ ತಮ್ಮನಿಗೂ ಬಂದಿದೆ. ಇನ್ನೊಂದು ದಿನ ಅವನೇ ಶಾಲೆಯ ಭೂಪಟವೊಂದನ್ನು ತರಿಸಿ ಲೆಕ್ಕ ಹಾಕಿ ತೋರಿಸಿದ. ಪೂರ್ವಕ್ಕೆ ಹೋದ ಹಾಗೆ ಸೂರ್ಯ ಬೇಗ ಮುಳುಗುತ್ತಾನೆ. ಹಡಗು ದಿನದಿನಕ್ಕೆ ಮುಂದೆ ಸಾಗಿದಂತೆ ನನ್ನ ಸಂಜೆಯೂಟ ಹಿಂದೆ ಹಿಂದೆ ಸರಿಯುತ್ತ, ನಾರಾ ಮುಟ್ಟುವಾಗ ನಮ್ಮೂರಿನ ಗಡಿಯಾರದ ಪ್ರಕಾರ ಅಲ್ಲಿನ ಸೂರ್ಯಾಸ್ತ ಮಧ್ಯಾಹ್ನ ಮೂರೂವರೆಗೇ ಬಂದುಬಿಡುತ್ತದೆ. "ಅಂದರೆ ಮಧ್ಯಾಹ್ನದ ಊಟದ ಕೈ ತೊಳೆದು ಅದೇ ಎಲೆಗೆ ಕೂತುಕೊಳ್ಳುವುದು, ಅಲ್ವಾ ಭಾವ?" ಎಂದ. ಗಡಿಯಾರವನ್ನು ತಿರುಗಿಸಿಕೊಳ್ಳಬಹುದೆಂಬುದು ಇಬ್ಬರಿಗೂ ಹೊಳೆಯಲಿಲ್ಲ. ಒಂದು ವಾರ ಮೂರು ಗಂಟೆಗೆ ಉಂಡು ಅಭ್ಯಾಸ ಮಾಡಿದೆ. ಹೊಟ್ಟೆ ಕೆಟ್ಟಿತು.

ಇಷ್ಟೆಲ್ಲ ಆದ ಮೇಲೆ, ಏಪ್ರಿಲ್ ತಿಂಗಳಲ್ಲಿ ಹೊರಡುತ್ತೇನೆಂದು ಜಪಾನಿಗೆ ಬರೆದೆ. ಉತ್ತರ ಶುದ್ಧ ಸಂಸ್ಕೃತದಲ್ಲಿ ಬಂತು. ಏಪ್ರಿಲ್ ಅವರಲ್ಲಿ ಹೂವಿನ ಕಾಲವಂತೆ. ದೇಶಕ್ಕೆ ದೇಶವೇ ಹೂವು ನೋಡಲು ನಾರಾಕ್ಕೂ ಕ್ಯೋಟೋಗೂ ಬರುತ್ತದಂತೆ. ಅತಿಥಿಗೃಹದಲ್ಲಿ ಸ್ಥಳವಿಲ್ಲ, ಹೊರಗಿನ ವಸತಿ ದುಬಾರಿ. ತಾವು ಕರೆದದ್ದು ಬೇಸಗೆಗೆ: ಅಂದರೆ ಜುಲೈಗೆ. ಸೆಕೆಗೆ ಹೆದರಿ ಆಗ ಯಾರೂ ಬರುವುದಿಲ್ಲ; ವಸತಿಯೂ ಊಟವೂ ಉಚಿತ.

ಜುಲೈ! ಕಾಗದ ಹಿಡಿದವನು ಹಾಗೆಯೇ ಕುಳಿತುಬಿಟ್ಟೆ. ನಮ್ಮಲ್ಲಿ ಮಾವು ಹಣ್ಣಾಗುವಾಗ ಲೋಕಕ್ಕೆಲ್ಲ ಬೇಸಗೆಯೆಂದು ನಾನು ನಂಬಿದ್ದೆ. ಕಾಳಿದಾಸನ ಋತುಗಳನ್ನು ಮೂವತ್ತು ವರ್ಷ ಬಾಯಿಪಾಠ ಮಾಡಿಸಿದವನಿಗೆ ಅನ್ಯದೇಶದ ಋತುವನ್ನು ವಿಚಾರಿಸಬೇಕೆಂದು ತೋರಲಿಲ್ಲ. ಜುಲೈಯೆಂದರೆ ಆಷಾಢ, ಆಷಾಢವೆಂದರೆ ಚಾತುರ್ಮಾಸ. ಮಳೆಗಾಲದಲ್ಲಿ ಹೆಜ್ಜೆಯಡಿ ಕ್ರಿಮಿಕೀಟಗಳು ಅಸಂಖ್ಯ. ಆದ್ದರಿಂದ ಆ ನಾಲ್ಕು ತಿಂಗಳು ಊರಿನ ಗಡಿ ದಾಟುವುದಿಲ್ಲವೆಂದು ನನ್ನ ತಂದೆಯವರು ವ್ರತ ಹಿಡಿದಿದ್ದರು. ಅವರು ಕಣ್ಣು ಮುಚ್ಚುವಾಗ ಅದನ್ನು ನಾನು ಜೀವಮಾನಕ್ಕೆ ವಹಿಸಿಕೊಂಡಿದ್ದೆ. ಆ ಕಾಲದಲ್ಲಿ ಬೆಳ್ತಂಗಡಿಗೂ ನಾನು ಹೋಗುವುದಿಲ್ಲ.

ಹೀಗೆ ನನ್ನ ಎರಡು ವ್ರತಗಳು ನನ್ನ ಎರಡು ಕೈಗಳನ್ನು ಹಿಡಿದು ಎಳೆಯತೊಡಗಿದವು. ನಾರಾ ನೋಡದೆ ಕಾಫಿ ಇಲ್ಲ. ಜುಲೈಯಲ್ಲಲ್ಲದೆ ನಾರಾ ನನ್ನ ಕೈಗೆಟುಕುವುದಿಲ್ಲ. ಜುಲೈಯಲ್ಲಿ ನಾನು ಮನೆಯ ಹತ್ತಿರದ ಶಿರ್ತಾಡಿಗೂ ಹೋಗುವಂತಿಲ್ಲ.

ಆದಿರಾಜ ಒಂದು ಉಪಾಯ ತಂದ. ಜಪಾನಿನಿಂದ ಬಂದ ಚಿತ್ರದ ಕಾರ್ಡೊಂದನ್ನು ಗೋಡೆಗೆ ಒರಗಿಸಿ, "ನೋಡಿ ಭಾವ, ಇದೇ ಮಂದಿರ. ಪಟಕ್ಕೆ ಕೈಮುಗಿದರೆ ದೇವರಿಗೆ ಸಲ್ಲುತ್ತದಲ್ಲ? ನೋಡಿ ಆಯಿತು ಅಂತ ಹೇಳಿ. ಅಕ್ಕ, ಹಾಲು ಇಡು," ಎಂದ.

"ಈ ಕಣ್ಣುಗಳಿಂದ, ನೇರವಾಗಿ, ಸ್ವತಃ ಹೋಗಿ ಎಂದಿದ್ದೇನೆ ಮಾರಾಯ."

"ಅಷ್ಟೆಲ್ಲ ಯಾಕೆ ಹೇಳಲಿಕ್ಕೆ ಹೋದದ್ದು?"

ವಿಜಯಮ್ಮ ಒಳಗಿನಿಂದ, "ಹತ್ತು ಜನ ಇದ್ದರಲ್ಲ, ಅದಕ್ಕೆ," ಎಂದಳು.

ಎರಡು ಬೇಸಗೆಗಳು ಹೀಗೆ ಕಳೆದವು. ನಮ್ಮವು ಎರಡು, ಅವರವು ಎರಡು. ಯಾರ ಮನೆಗೆ ಹೋದರೂ ವಿಜಯಮ್ಮ ಮುಂಚಿತವಾಗಿಯೇ, "ಇವರಿಗೆ ಕಾಫಿ ಬೇಡ, ಇವರು ಜಪಾನಿಗೆ ಹೋಗುವವರು," ಎಂದು ಹೇಳುತ್ತಿದ್ದಳು. ಆ ಮನೆಯವರು ಎದ್ದು ನಿಂತು ನನಗೆ ಒಳ್ಳೆಯ ಕುರ್ಚಿ ಕೊಡುತ್ತಿದ್ದರು. ಜೀರಿಗೆಯ ಕಷಾಯವನ್ನು ಹೀರುತ್ತ ನಾನು ನಾರಾದ ಕಂಬಗಳನ್ನು ವರ್ಣಿಸುತ್ತಿದ್ದೆ. ವರ್ಣಿಸಿ ವರ್ಣಿಸಿ ಎಷ್ಟೋ ಸಲ, ಹೋಗಿ ಬಂದ ಆಯಾಸವೇ ಆಗುತ್ತಿತ್ತು.

ಈ ವರ್ಷ ಊರಿಗೆ ಚಾತುರ್ಮಾಸಕ್ಕೆಂದು ಮುನಿಗಳೊಬ್ಬರು ದಯಮಾಡಿಸಿದ್ದರು. ವಿಜಯಮ್ಮನ ಒತ್ತಾಯಕ್ಕೆ ಅವರಲ್ಲಿ ಹೋಗಿ, ನಮಸ್ಕರಿಸಿ, ನನ್ನ ಸಂಕಟವನ್ನು ನಿವೇದಿಸಿದೆ. ಅವರು ಕಣ್ಣು ಮುಚ್ಚಿ ಆಲಿಸಿದರು. ನಗು ಬಂದಿರಬೇಕು, ತೋರಿಸಿಕೊಳ್ಳಲಿಲ್ಲ.

"ತಂದೆಯ ವ್ರತವನ್ನು ಉಳಿಸಿಕೊಳ್ಳಿ," ಎಂದರು. "ಇನ್ನೊಂದಕ್ಕೆ ಪ್ರಾಯಶ್ಚಿತ್ತವಾಗಿ ಒಂದು ಉಪವಾಸ, ನೂರೆಂಟು ಜಪ. ಆದರೆ ನಿಯಮವೊಂದನ್ನೇ ಬಿಡಿಸಲು ಬರುವುದಿಲ್ಲ. ಅದು ಯಾವುದಕ್ಕಾಗಿ ಹುಟ್ಟಿತೋ ಆ ಆಸೆಯನ್ನೂ ಬಿಡಬೇಕು. ಕಾಫಿ ಕುಡಿದ ದಿನ ಜಪಾನ್ ಮನಸ್ಸಿನಿಂದ ಹೋಗಿರಬೇಕು. ಆಗಬಹುದೇ?"

"ಆಗಬಹುದು," ಎಂದೆ. ತಪಸ್ವಿಗಳ ಪಾದದ ಬಳಿ ಕುಳಿತಾಗ ಎಲ್ಲವೂ ಆಗುತ್ತದೆ.

ಉಪವಾಸ ಮಾಡಿದೆ, ಜಪ ಮಾಡಿದೆ. ಮರುದಿನ ಬೆಳಗ್ಗೆ ಸೂರ್ಯ ಮೇಲೇರಿದ ಮೇಲೆ ವಿಜಯಮ್ಮ ಹಿತ್ತಾಳೆಯ ಲೋಟ ತಂದು ನನ್ನ ಮುಂದೆ ಇಟ್ಟಳು. ಬೀಜವನ್ನು ಹಿಂದಿನ ದಿನವೇ ಹುರಿದು ಕುಟ್ಟಿದ್ದಳು. ಈ ಮನೆಯಲ್ಲಿ ಮೂರು ವರ್ಷದ ಮೇಲೆ ಎದ್ದ ಪರಿಮಳ. ಅವಳೂ ಎದುರು ಕುಳಿತಳು. ನಾನು ಕುಡಿಯುವುದನ್ನು ನೋಡಬೇಕೆಂಬ ಆಸೆ ಅವಳ ಮುಖದಲ್ಲಿತ್ತು.

ಲೋಟಕ್ಕೆ ಕೈ ಹಾಕಿದೆ. ಆದಿರಾಜ ಗೋಡೆಗೆ ಒರಗಿಸಿದ್ದ ಕಾರ್ಡು ಹಾಗೆಯೇ ಇತ್ತು. ಇದೊಂದು ಗುಟುಕು ಇಳಿದರೆ ನಾನು ಜಪಾನಿಗೆ ಹೋಗುವವನಲ್ಲ. ನಿವೃತ್ತಿಯಾಗಿ ಕಾಫಿ ಕುಡಿಯುತ್ತ ಕುಳಿತ ಮುದುಕ. ಅಂಥವರು ಊರಿನಲ್ಲಿ ಬೇಕಾದಷ್ಟು ಇದ್ದಾರೆ; ಅವರಿಗೆ ಯಾರೂ ಒಳ್ಳೆಯ ಕುರ್ಚಿ ಕೊಡುವುದಿಲ್ಲ.

ಲೋಟವನ್ನು ಮೆಲ್ಲಗೆ ಅವಳ ಕಡೆಗೆ ಸರಿಸಿದೆ. "ಇವತ್ತು ಬೇಡ. ಬರುವ ಬೇಸಗೆಗೆ ನೋಡುವ."

"ಯಾವ ಬೇಸಗೆಗೆ?" ಎಂದಳು ವಿಜಯಮ್ಮ. "ನಮ್ಮದೋ, ಅವರದ್ದೋ?"

ಅವಳು ನಿಟ್ಟುಸಿರು ಬಿಟ್ಟು ಲೋಟವನ್ನೆತ್ತಿ ತಾನೇ ಕುಡಿಯತೊಡಗಿದಳು, ಅವಸರವಿಲ್ಲದೆ, ಊದಿ ಊದಿ. ನಾನು ಕುರ್ಚಿಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡೆ. ಸೇವಿಸೆನು ಎಂದಷ್ಟೇ ಸಂಕಲ್ಪಿಸಿದ್ದೆ. ಆಘ್ರಾಣದ ವಿಷಯವನ್ನು ಅಷ್ಟು ದೊಡ್ಡ ಪಂಡಿತ ಅಂದು ಹೇಗೋ ಮರೆತಿದ್ದ.