ಮೀಸೆ ಅಂಟಿಸಿಕೊಂಡ ಸಿಸ್ಟರ್

ಊರೂರು ತಿರುಗಿ ನಾಟಕ ಆಡುವವರು ನಗುವ ಪ್ರಸಂಗ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಬಂದು ಅಡ್ಡ ನಿಲ್ಲುತ್ತವೆ. ನಾನು ಬೈಲಹೊಂಗಲ ಕಡೆಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಸಕ್ಕರೆ ಕಾಯಿಲೆಯವರು ಮನೆಯಲ್ಲಿ ತಮ್ಮನ್ನು ಹೇಗೆ ನೋಡಿಕೊಳ್ಳಬೇಕು ಅಂತ ಭಾಷಣ ಮಾಡಿದರೆ ಜನ ಆಕಳಿಸುತ್ತಿದ್ದರು. ಅದಕ್ಕೇ ಒಂದು ನಾಟಕ ಕಟ್ಟಿದೆವು. ಕಾಯಿಲೆಯ ಹೆಂಡತಿ ನಮ್ಮ ಆಶಾ ಕಾರ್ಯಕರ್ತೆ. ಧೋತರ ಉಟ್ಟು, ರುಮಾಲು ಸುತ್ತಿ, ಮೀಸೆ ಅಂಟಿಸಿಕೊಂಡ ಗಂಡ ನಾನು.

೧. ಸಕ್ಕರಿ ವಿಷಯ

ಕಿತ್ತೂರು ಸೀಮೆಯ ಕಬ್ಬಿನ ಊರೊಂದರಲ್ಲಿ ಮೊದಲ ಪ್ರದರ್ಶನ. ಟಂಟಂ ಗಾಡಿಗೆ ಮೈಕು ಕಟ್ಟಿಸಿ, "ಸಕ್ಕರಿ ಬಗ್ಗೆ ಮಹತ್ವದ ವಿಷಯ ಐತಿ, ಸಂಜಿ ಐದಕ್ಕ ಎಲ್ಲಾರೂ ಬರ್ರಿ" ಅಂತ ನಾನೇ ಕೂಗಿದ್ದೆ. ಗುಡಿ ಮುಂದೆ ಕಾಲಿಡಲು ಜಾಗವಿಲ್ಲದಷ್ಟು ಗಂಡಸರು. ನಾವು ಹಿಗ್ಗಿ ಮೈಮರೆತು ಆಡಿದೆವು. ಮುಗಿದ ಮೇಲೆ, ಏನಾದರೂ ಕೇಳುವುದಿದ್ದರೆ ಕೇಳಿ ಅಂದೆ. ಹಿರಿಯ ರೈತರೊಬ್ಬರು ಎದ್ದು ನಿಂತರು.

"ನಾಟಕ ಛಲೋ ಆತ್ರಿ. ಇನ್ನ ನಮ್ಮ ಹೊಲಕ್ಕ ನಿಮ್ಮ ಸಕ್ಕರಿ ಫ್ಯಾಕ್ಟರಿಯಿಂದ ಕಬ್ಬು ಕಡಿಯೋ ಗ್ಯಾಂಗ್ ಯಾವಾಗ ಬರತೈತಿ, ಅದನ್ನ ಹೇಳ್ರಿ."

೨. ಹೋಳಿಗೆ

ನಾಟಕದಲ್ಲಿ ಹೆಂಡತಿ, ತನಗೆ ಕಾಯಿಲೆಯೇ ಇಲ್ಲ ಅಂತ ವಾದಿಸುತ್ತಲೇ ಕದ್ದು ಸಿಹಿ ತಿನ್ನುತ್ತಾಳೆ. ರಾಮದುರ್ಗದಲ್ಲಿ ಇದನ್ನು ಆಡಿದ ಮರುವಾರ ನಮ್ಮ ಆಶಾ ಅದೇ ಊರಿಗೆ ಮದುವೆಗೆ ಹೋದಳು. ಬಡಿಸುವವನು ಹೋಳಿಗೆ ಹಿಡಿದು ಅವಳ ಎಲೆ ದಾಟಿ ಮುಂದೆ ಹೋದ. ಕರೆದು ಹಾಕಿಸಿಕೊಂಡರೆ, ಪಕ್ಕದ ಅಜ್ಜಿ ಅದನ್ನು ಎತ್ತಿ ತನ್ನ ಎಲೆಗೆ ಇಟ್ಟುಕೊಂಡಳು. ಅದು ಬರೀ ನಾಟಕ, ನನಗೆ ಸಕ್ಕರೆ ಕಾಯಿಲೆ ಇಲ್ಲ ಅಂತ ಇವಳು ಪರಿಪರಿಯಾಗಿ ಹೇಳಿದಳು.

"ನಾಟಕದಾಗೂ ನೀ ಹಿಂಗ ಅಂದಿದ್ದಿಯವ್ವಾ" ಅಂದಳಂತೆ ಅಜ್ಜಿ.

೩. ಅಂಗಾಲು

ಈ ಕಾಯಿಲೆಯಲ್ಲಿ ಪಾದ ಜೋಮು ಹಿಡಿದರೆ ಗಾಯವಾದರೂ ಗೊತ್ತಾಗುವುದಿಲ್ಲ. ದಿನಾ ಅಂಗಾಲು ನೋಡಿಕೊಳ್ಳಬೇಕು, ಬಗ್ಗಲಾಗದಿದ್ದರೆ ಮನೆಯವರು ನೋಡಬೇಕು. ಹಾಗಾಗಿ ನಾಟಕದಲ್ಲಿ ನಾನು ಹೆಂಡತಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತೇನೆ. ಸವದತ್ತಿ ಹತ್ತಿರದ ಉಗರಗೋಳದಲ್ಲಿ, ಮುಂದೆ ಕೂತಿದ್ದ ಅಜ್ಜನೊಬ್ಬ ಎದ್ದೇಬಿಟ್ಟ.

"ಗಂಡಸಾಗಿ ಹೆಂಡ್ತಿ ಕಾಲ ಹಿಡೀತಿಯಲ್ಲೋ, ನಿನಗ ಮೀಸಿ ಯಾಕ?"

ನಾನು ಮೀಸೆ ಕಿತ್ತು ಅವನ ಕೈಗಿಟ್ಟೆ. ಹೆಂಗಸರು ಬಿದ್ದು ಬಿದ್ದು ನಕ್ಕರು. ಅಜ್ಜ ಮೀಸೆಯನ್ನು ನೆಲಕ್ಕೆ ಹಾಕಿ ಹೊರಟೇ ಹೋದ. ನನಗೆ ಕಸಿವಿಸಿಯಾಯಿತು. ಹಿರಿಯ ಮನುಷ್ಯ, ಹತ್ತು ಜನರೆದುರು ಹಾಗೆ ಮಾಡಬಾರದಿತ್ತು.

ಕೆಲವು ದಿನ ಕಳೆದು ಅದೇ ಅಜ್ಜ ಹೆಂಡತಿಯನ್ನು ಕರೆದುಕೊಂಡು ನಮ್ಮ ಆಸ್ಪತ್ರೆಗೇ ಬಂದ. ಅವಳಿಗೂ ಸಕ್ಕರೆ ಕಾಯಿಲೆ. ಒಂದು ಮಧ್ಯಾಹ್ನ ಅಜ್ಜ ಮನೆಯ ಬಾಗಿಲು ಹಾಕಿಕೊಂಡು ಅವಳ ಅಂಗಾಲು ನೋಡಿದರೆ, ಜಾಲಿಮುಳ್ಳು ಒಳಗೇ ಮುರಿದು ಕೂತಿತ್ತಂತೆ. ಅವಳಿಗೆ ನೋವೇ ಗೊತ್ತಾಗಿರಲಿಲ್ಲ. ಡಾಕ್ಟರು ಮುಳ್ಳು ತೆಗೆದು, ಇನ್ನೂ ತಡವಾಗಿದ್ದರೆ ಕಾಲಿಗೇ ಕುತ್ತು ಬರುತ್ತಿತ್ತು ಅಂದಾಗ ಅಜ್ಜ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, "ನರ್ಸ್ ಬಾಯಾರ, ನಾ ಕಾಲ ಹಿಡದದ್ದು ಊರಾಗ ಯಾರಿಗೂ ಹೇಳಬ್ಯಾಡ್ರಿ" ಅಂದ.

ಅಜ್ಜಿಯ ಕಿವಿ ಚುರುಕಾಗಿತ್ತು. ಮಂಚದ ಮೇಲಿಂದಲೇ ಹೇಳಿದಳು:

"ನಾ ಆಗಲೇ ಹೇಳಿ ಬಂದೇನಿ. ಓಣ್ಯಾಗಿನ ಹೆಂಗಸರೆಲ್ಲಾ ಕಾಲ ಚಾಚಿ ಕುಂತು ಗಂಡಂದಿರ ದಾರಿ ನೋಡಾಕ ಹತ್ಯಾರ."