ಏಳನೆಯ ಫೋಟೋ

ಸಾಲಿಯ ಗುಂಪು ಫೋಟೋಕ್ಕೆ ಮೂವತ್ತೊಂದು ಮಕ್ಕಳಲ್ಲಿ ಇಪ್ಪತ್ತಾರು ಮಂದಿಯನ್ನು ನಿಲ್ಲಿಸಿ, ಊರಾಚೆಯ ಕೇರಿಯ ಐದು ಮಕ್ಕಳನ್ನು ಗೋಡೆಯಾಚೆ ಕಳಿಸಿದರು.

ಫೋಟೋ ತೆಗೆಯಲು ಬಂದವನು ತಿಕೋಟಾದ ಈರಯ್ಯ. ಲಡಾಯಿ ಮುಗಿದು ಊರಿಗೆ ಬಂದ ಸಿಪಾಯಿಯೊಬ್ಬನಿಂದ ಡಬ್ಬಿ ಕ್ಯಾಮೆರಾ ಕೊಂಡು ಎರಡೇ ತಿಂಗಳಾಗಿತ್ತು. ಅದರಲ್ಲಿ ಈವರೆಗೆ ನೆಟ್ಟಗೆ ಮೂಡಿದ್ದು ಮನೆಯ ಎಮ್ಮೆಯೊಂದೇ, ಅದು ಅಲುಗಾಡಿರಲಿಲ್ಲ. ಇವತ್ತಿನದು ಚಂದ ಬಂದರೆ ಬಬಲೇಶ್ವರದ ಸುತ್ತಲಿನ ಸಾಲಿಗಳಿಗೆಲ್ಲ ಇವನ ಹೆಸರು ಹೇಳುವುದಾಗಿ ಗುರಲಿಂಗಪ್ಪ ಮಾಸ್ತರರು ಮಾತು ಕೊಟ್ಟಿದ್ದರು. ಕೈಯಲ್ಲಿದ್ದದ್ದು ಎಂಟು ಫೋಟೋದ ಒಂದೇ ರೀಲು. ಒಂದು ತೆಗೆದ ಮೇಲೆ ಕೀಲಿ ತಿರುವಬೇಕು, ಹಿಂದಿನ ಕೆಂಪು ಕಿಂಡಿಯಲ್ಲಿ ಮುಂದಿನ ಅಂಕಿ ಕಾಣಬೇಕು, ಆಮೇಲೆಯೇ ಇನ್ನೊಂದು.

“ಯಾರೂ ಅಲುಗಾಡಬ್ಯಾಡ್ರಿ!” ಅಂದ. ಎಲ್ಲರೂ ಅಲುಗಾಡಿದರು. ಎರಡನೆಯದಕ್ಕೆ ಶಂಕ್ರೆವ್ವಜ್ಜಿ ಮೊಮ್ಮಗನಿಗೆ ದೃಷ್ಟಿಬೊಟ್ಟು ಇಡಲು ನಡುವೆ ನುಗ್ಗಿದಳು. ಮೂರನೆಯದಕ್ಕೆ, ಇಟ್ಟ ಬೊಟ್ಟು ಸಣ್ಣದಾಯಿತೆಂದು ಮತ್ತೆ ನುಗ್ಗಿದಳು. ನೆರೆದ ಮಂದಿ ಈರಯ್ಯನ ಬೆನ್ನ ಹಿಂದೆ ನಿಂತು, “ತಲಿ ಎತ್ತಲೇ!” “ಮೂಗ ಒರಸ್ಕೋಲೇ!” ಎಂದು ಕೂಗಿ ಇನ್ನೂ ಮೂರನ್ನು ಕೆಡಿಸಿದರು. ಏಳನೆಯದಕ್ಕೆ ಮಾಸ್ತರರು ನಡುವಿನ ಕುರ್ಚಿಯಲ್ಲಿ ಕುಳಿತು, ತೊಡೆಯ ಮೇಲೆ ಎರಡೂ ಕೈ ಊರಿ, ಒಮ್ಮೆ ಗದರಿದರು. ಮಕ್ಕಳು ಹೂತಿಟ್ಟ ಗೂಟಗಳಾದರು. ಟಕ್ ಎಂದಿತು ಡಬ್ಬಿ.

“ಶಾಭಾಸ್! ನಡಿ, ಚಾ ಕುಡಿಯೂಣು,” ಎಂದು ಮಾಸ್ತರರು ಅವನ ಕೈ ಹಿಡಿದು ಎಳೆದೊಯ್ದರು.

ಮರಳಿ ಬಂದಾಗ ಅಂಗಳ ಖಾಲಿ. ಸ್ಟೂಲಿನ ಮೇಲೆ ಕ್ಯಾಮೆರಾ ಇಟ್ಟಲ್ಲೇ ಇತ್ತು. ಅದರ ಹತ್ತಿರ ಆ ಐದು ಮಕ್ಕಳೊಡನೆ ಅಂಗಳ ಗುಡಿಸುವ ಮಾಳವ್ವ ನಿಂತಿದ್ದಳು.

“ಅಯ್ನಾರ, ಇವರದೂ ಒಂದ ತಗೀರಲಾ.”

ಎಂಟನೆಯದು ಉಳಿದಿತ್ತಲ್ಲ, ಈರಯ್ಯ ಒಪ್ಪಿದ. ಮಾಳವ್ವನ ಮಗಳು ರುಕ್ಮಿಯನ್ನು ನಡುವಿನ ಕುರ್ಚಿಯಲ್ಲಿ ಕೂರಿಸಹೋದರೆ ಹುಡುಗಿ ಹಿಂದೆ ಸರಿದಳು.

“ಅಯ್ಯ! ಅದು ಮಾಸ್ತರ ಕುರ್ಚಿ ರೀ!”

“ಕುರ್ಚಿಗೇನ ಗೊತ್ತಾಕ್ಕೈತಿ? ಕುಂಡ್ರವಾ.”

ರುಕ್ಮಿ ಕುಳಿತಳು, ಐವರೂ ಉಸಿರು ಬಿಗಿಹಿಡಿದರು, ಡಬ್ಬಿ ಮತ್ತೆ ಟಕ್ ಎಂದಿತು.

ವಿಜಾಪುರದಲ್ಲಿ ರೀಲು ತೊಳೆಸಿ ನೋಡಿದರೆ ಎಂಟನೆಯದು ಬರೇ ಖಾಲಿ. ಏಳನೆಯದರಲ್ಲಿ ಮೂವತ್ತೊಂದೂ ಮಕ್ಕಳು! ಚಾದ ಗಡಿಬಿಡಿಯಲ್ಲಿ ಕೀಲಿ ತಿರುವುವುದನ್ನೇ ಮರೆತು, ಒಂದರ ಮೇಲೊಂದು ತೆಗೆದುಬಿಟ್ಟಿದ್ದ. ನಾಲ್ವರು ಗೌಡರ ಮಕ್ಕಳ ಹೆಗಲಿಗೆ ಹೆಗಲು ಹಚ್ಚಿ ನಿಂತಿದ್ದರು. ರುಕ್ಮಿ ಮಾಸ್ತರರ ತೊಡೆಯ ಮೇಲೆ! ಅವರ ಎರಡೂ ಕೈ ಆಕೆಯನ್ನು ಬೀಳದಂತೆ ಹಿಡಿದ ಹಾಗಿತ್ತು.

ಅಂಜುತ್ತಲೇ ಸಾಲಿಗೆ ಮರಳಿ ಬಂದ. ಬಾಗಿಲಲ್ಲೇ ಸಿಕ್ಕ ಮಾಳವ್ವನಿಗೆ ಒಂದು ಪ್ರತಿ ಕೊಟ್ಟ. ಆಕೆ ಬಹಳ ಹೊತ್ತು ನೋಡಿದಳು.

“ನನ್ನ ಮಗಳು ಎಲ್ಲಾರ ನಡುವ ಕುಂತಾಳ. ಸಾಯೂತನಕ ನಿಮ್ಮನ್ನ ನೆನಸ್ತೇನ್ರಿ, ಅಯ್ನಾರ.”

ಈರಯ್ಯನ ಫೋಟೋವನ್ನು ಯಾರಾದರೂ ಮೆಚ್ಚಿದ್ದು ಅದೇ ಮೊದಲು. ಅದೂ ಅವನ ತಪ್ಪನ್ನು! ಅವನ ಕಣ್ಣು ಒದ್ದೆಯಾದವು.

ಒಳಗೆ ಫೋಟೋ ನೋಡಿದ ಮಾಸ್ತರರ ಮುಖ ಮಾತ್ರ ಸೀದ ರೊಟ್ಟಿಯಾಯಿತು.

“ಲೇ, ಇನ್ನೊಂದ ತಗಿ!”

“ಲಡಾಯಿ ಮುಗದ್ರೂ ರೀಲು ಎಲ್ಲೂ ಸಿಗವಲ್ದ್ರಿ.”

“ಹಂಗಾರ ನೆಗೆಟಿವ್ ಮ್ಯಾಲಿಂದ ಅವರನ್ನ ಕೆರದು ತಗಿ!”

“ಆಕಿನ್ನ ಕೆರದ್ರ ನಿಮ್ಮ ಹೊಟ್ಟೀನೂ ಹೋಗತೈತ್ರಿ.”

“ಹೋಗ್ಲಿ! ಕೆರೀತೀಯೋ, ಇಲ್ಲಾ ಈ ಸೀಮ್ಯಾಗ ಯಾವ ಸಾಲ್ಯಾಗೂ ನೀ ಕಾಲ ಇಡದಂಗ ಮಾಡ್ಲೋ?” ಮಾಸ್ತರರು ಕೋಟಿಗೆ ಚುಚ್ಚಿದ್ದ ಟಾಚಣಿ ಪಿನ್ನು ಕಿತ್ತು ಅವನ ಮುಂದೆ ಹಿಡಿದರು.

ಹೊರಗೆ ಮಾಳವ್ವ ಯಾರಿಗೋ ಫೋಟೋ ತೋರಿಸಿ ಗಟ್ಟಿಯಾಗಿ ನಗುತ್ತಿದ್ದಳು. ಈರಯ್ಯ ನೆಗೆಟಿವನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡ.

“ಅದೊಂದ ನನ್ನ ಕೈಲೆ ಆಗಂಗಿಲ್ರಿ, ಮಾಸ್ತರ.”