ಕಲ್ಲಿದ್ದಲು ಸಿಕ್ಕಿದ ಬಾವಿ

ಭೂಮಿಗೆ ಕರೆಂಟು ಹಾಯಿಸಿ, ಒಳಗೇನಿದೆ ಎಂದು ಅಂದಾಜು ಮಾಡುವುದು ನನ್ನ ಕೆಲಸ. ಬಂಟ್ವಾಳ, ಬೆಳ್ತಂಗಡಿ ಕಡೆ ಹೆಚ್ಚಾಗಿ ಬೋರ್‌ವೆಲ್‌ಗೆ ಜಾಗ ತೋರಿಸಲು ಕರೆಯುತ್ತಾರೆ. ಹೋದಲ್ಲೆಲ್ಲ ಏನಾದರೊಂದು ಆಗುತ್ತದೆ. ಪೊಳಲಿ ಹತ್ತಿರದ ಒಂದು ಮನೆಯಲ್ಲಿ ಮಾತ್ರ ಎಲ್ಲವೂ ಆಯಿತು.

೧. ಒಲೆಯ ಪರೀಕ್ಷೆ

ಮನೆಯ ಯಜಮಾನರು ಗಲ್ಫಿನಲ್ಲಿ ಡ್ರೈವರ್ ಆಗಿದ್ದು ಊರಿಗೆ ಮರಳಿದವರು. ಹಳೆಯ ಬಾವಿ ಬತ್ತಿತ್ತು. ಹೊಸದನ್ನು ತೋಡಿಸುವಾಗ, ನೀರು ಬರಬೇಕಾದ ಆಳದಲ್ಲಿ ಕಪ್ಪು ಗಟ್ಟಿ ಸಿಕ್ಕಿತು. ತೋಡುವುದನ್ನು ನಿಲ್ಲಿಸಿ ನನ್ನನ್ನು ಕರೆಸಿದರು.

"ಕಲ್ಲಿದ್ದಲು. ಎಷ್ಟು ಉಂಟು ಅಂತ ನೋಡಿ ಹೇಳಿ."

"ಅಷ್ಟರವರೆಗೆ ನಾವು ಕುಡಿಯುವುದೇನು?" ಎಂದರು ಅವರ ಹೆಂಡತಿ. ರಸ್ತೆ ಬದಿಯ ನಳ್ಳಿಯಿಂದ ನೀರು ಹೊರುತ್ತಿದ್ದವರು ಅವರೇ.

"ಅರಬ್ಬರೂ ಹೀಗೇ ಕೇಳ್ತಾ ಕೂತಿದ್ದರೆ ಎಣ್ಣೆ ಸಿಗ್ತಿತ್ತಾ?"

ನನಗೆ ನಂಬಿಕೆ ಬರಲೆಂದು ಒಂದು ಗಟ್ಟಿಯನ್ನು ಒಲೆಗೆ ಹಾಕಿದರು. ಅದು ಉರಿಯಲಿಲ್ಲ. ಮನೆಯೆಲ್ಲ ಹೊಗೆ ತುಂಬಿತು. ಒಳಗಿನ ಕೋಣೆಯಲ್ಲಿ ಹಾಸಿಗೆ ಹಿಡಿದಿದ್ದ ಅವರ ತಾಯಿ ಕೆಮ್ಮುತ್ತಾ ಹೇಳಿದರು:

"ನಾನಿನ್ನೂ ಸಾಯಲಿಲ್ಲ ಮಗಾ. ಈಗಲೇ ಯಾಕೆ ಸುಡುವುದು?"

೨. ನೀರು ಹಾಕಬೇಡಿ

ನೆಲಕ್ಕೆ ನಾಲ್ಕು ಕಬ್ಬಿಣದ ಸರಳು ಬಡಿದು, ಮಣ್ಣು ಕರೆಂಟನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುತ್ತೇವೆ. ಒಳ್ಳೆಯ ಕಲ್ಲಿದ್ದಲು ಹೆಚ್ಚು ತಡೆಯುತ್ತದೆ, ಒದ್ದೆ ಮಣ್ಣು ಕಡಿಮೆ. ಯಜಮಾನರು ಇಷ್ಟನ್ನು ಕಲಿತುಕೊಂಡು ಮಿಶನಿನ ಎದುರು ಕೂತರು.

ಮೊದಲ ಅಂಕಿಯೇ ವಿಪರೀತ ಜಾಸ್ತಿ ಬಂತು. ಅವರ ಮುಖ ಅರಳಿತು. ಆದರೆ ಅದು ಮೇಲಿನ ಒಣ ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ, ದೋಷ. ಸರಳಿಗೂ ಮಣ್ಣಿಗೂ ಸರಿಯಾಗಿ ಸಂಪರ್ಕ ಇರಲಿಲ್ಲ. ಸರಳುಗಳ ಬುಡಕ್ಕೆ ಉಪ್ಪುನೀರು ಹೊಯ್ಯಬೇಕು ಎಂದೆ.

ಹೆಂಡತಿ ಅಡುಗೆಮನೆಯ ಕೊಡಕ್ಕೇ ಉಪ್ಪು ಹಾಕಿ ತಂದರು. "ಗಂಜಿಗೆ ಇಟ್ಟದ್ದು. ಇವತ್ತು ಈ ಸರಳುಗಳೇ ಉಣ್ಣಲಿ."

ಹೊಯ್ದ ಹಾಗೆ ಅಂಕಿ ಇಳಿಯಿತು. ಯಜಮಾನರು ಕೊಡಕ್ಕೆ ಕೈ ಅಡ್ಡ ಹಿಡಿದರು.

"ಸಾಕು ಮಾರಾಯ್ರೆ. ಕಲ್ಲಿದ್ದಲು ಕಮ್ಮಿ ಆಗ್ತಾ ಉಂಟು."

೩. ಆಣೆ

ಲೆಕ್ಕ ಹಾಕಿ ಹೇಳಿದೆ: ಇದು ಕೊಳೆತ ಮರ ಸೇರಿದ ಕಪ್ಪು ಜೇಡಿಮಣ್ಣು, ತೆಳುವಾದ ಪದರ. ಅದರ ಅಡಿಯಲ್ಲಿ ನೀರಿರುವ ಲಕ್ಷಣ ಉಂಟು. ಇನ್ನು ಸ್ವಲ್ಪ ತೋಡಿ.

"ನಿಮ್ಮ ಮಿಶನು ಹಳೆಯದಾ?" ಎಂದು ಯಜಮಾನರು ಕೇಳಿದರು. ದೊಡ್ಡ ಮಿಶನಿನವರು ಬರುವವರೆಗೆ ಬಾವಿಗೆ ತಗಡು ಮುಚ್ಚಿದರು.

ಬಾವಿ ತೋಡುವವರನ್ನು ಮೊದಲೇ ಕಳಿಸಿದ್ದರು. ಒಳಗೆ ಏನು ಸಿಕ್ಕಿತೆಂದು ಯಾರಿಗೂ ಹೇಳಬಾರದೆಂದು ದೈವದ ಹೆಸರಿನಲ್ಲಿ ಆಣೆ ಹಾಕಿಸಿದ್ದರು. ಅವರು ನಿಯತ್ತಿನ ಜನ. ಕೆಲಸ ಅರ್ಧಕ್ಕೆ ಯಾಕೆ ನಿಂತಿತು ಎಂದು ಯಾರು ಕೇಳಿದರೂ ಒಂದೇ ಮಾತು:

"ಏನು ಸಿಕ್ಕಿತು ಅಂತ ಹೇಳಬಾರದು, ದೈವದ ಆಣೆ ಉಂಟು."

ವಾರದೊಳಗೆ ಕೆಳಗಿನ ಮನೆಯವರು ಅದೇ ಜನರನ್ನು ಕರೆದು ತಮ್ಮ ಹಿತ್ತಲಲ್ಲೂ ತೋಡಿಸತೊಡಗಿದರು.

೪. ಬರೀ ನೀರು

ಬೇಸಿಗೆಯ ಕೊನೆಗೆ ಯಜಮಾನರ ತಾಯಿ ತೀರಿಕೊಂಡರು. ನಾನು ಹೋದಾಗ ಹೆಣಕ್ಕೆ ಸ್ನಾನ ಮಾಡಿಸುತ್ತಿದ್ದರು. ನಳ್ಳಿಯಲ್ಲಿ ನೀರಿಲ್ಲ, ಬಾವಿಗೆ ಇನ್ನೂ ತಗಡು. ಸ್ನಾನದ ನೀರು ಕೆಳಗಿನ ಮನೆಯವರ ಹೊಸ ಗುಂಡಿಯಿಂದ ಬರುತ್ತಿತ್ತು.

ಆ ನೆರೆಯವರು ನನ್ನನ್ನು ಬದಿಗೆ ಕರೆದರು. ದುಃಖದಲ್ಲಿದ್ದರು.

"ಈ ಮನೆಯವರನ್ನು ನಂಬಿ ತೋಡಿಸಿದೆ. ಕಪ್ಪು ಮಣ್ಣು ಗೇಣುದ್ದ ಬಂತು, ಆಮೇಲೆ ಬರೀ ನೀರು. ಖಾಲಿ ಮಾಡಿದಷ್ಟೂ ಬರ್ತದೆ. ಹದಿಮೂರನೇ ದಿನದ ಕ್ರಿಯೆ ಕಳೆಯಲಿ, ಒಮ್ಮೆ ಮಿಶನು ತನ್ನಿ. ನೀರಿನ ಅಡಿಯಲ್ಲಿ ಏನುಂಟು, ನೋಡುವ."

ಯಜಮಾನರು ಒದ್ದೆ ಬಟ್ಟೆಯಲ್ಲಿ, ಇನ್ನೊಂದು ಕೊಡ ತುಂಬಿಸಲು ಅದೇ ಗುಂಡಿಗೆ ಹೊರಟಿದ್ದವರು, ನಿಂತರು. ಮೆಲ್ಲಗೆ ಹೇಳಿದರು:

"ಆ ಪದರ ನನ್ನ ಕಡೆಯಿಂದ ಇಳಿದು ಹೋದದ್ದು. ಕಲ್ಲಿದ್ದಲು ಸಿಕ್ಕಿದರೆ ಅರ್ಧ ನನಗೆ."

"ನೀರು?" ಎಂದರು ನೆರೆಯವರು.

"ನೀರು ಪೂರ್ತಿ ನೀವೇ ಇಟ್ಟುಕೊಳ್ಳಿ."